ಸ್ಲೋ ಕುಕ್ಕರ್‌ನಲ್ಲಿ ಕುರಿ ತೊಡೆ: ನೀರು ಜಾಸ್ತಿ ಹಾಕಬೇಡಿ

ಬನ್ನೂರು ಕುರಿಯೇ ಆದರೂ ತೊಡೆಯಲ್ಲಿ ಕೊಬ್ಬು ಕಡಿಮೆ, ಬೇಗ ನಾರಾಗುತ್ತದೆ. ಮೊದಲ ಸಲ ನಾನು ಸ್ಲೋ ಕುಕ್ಕರ್ (ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ) ಕೂಡ ಕುಕ್ಕರ್ ಅಲ್ವಾ ಅಂತ ಎರಡು ಲೋಟ ನೀರು ಸುರಿದೆ. ಸಾರು ತೆಳ್ಳಗೆ, ರುಚಿಯೇ ಇಲ್ಲ. ಇದರಲ್ಲಿ ಆವಿ ಅಷ್ಟಾಗಿ ಹೊರಗೆ ಹೋಗುವುದಿಲ್ಲ, ಒಂದು ಕಿಲೋಗೆ ಅರ್ಧ ಲೋಟ ಸಾಕು.

ಮಾಂಸ ಫ್ರೀಜರ್‌ನಲ್ಲಿದ್ದರೆ ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸಿಡಿ, ಗಟ್ಟಿಯಾಗಿರುವುದನ್ನು ಹಾಗೇ ಹಾಕಬೇಡಿ. ಇಡೀ ತುಂಡನ್ನೇ ಬಾಣಲೆಯಲ್ಲಿ ಎಣ್ಣೆ ಹಾಕಿ ಕೆಂಪಗೆ ಹುರಿಯಿರಿ. ಅಡಿಯಲ್ಲಿ ಈರುಳ್ಳಿ ಹರಡಿ, ಮೇಲೆ ಮಾಂಸ. ‘ಲೋ’ (ಕಡಿಮೆ ಬಿಸಿ) ಸೆಟ್ಟಿಂಗ್‌ನಲ್ಲಿ 7-8 ಗಂಟೆ ಬೇಯಲಿ. ಸುಮ್ನೆ ಮುಚ್ಚಳ ತೆಗೆದು ನೋಡಬೇಡಿ, ಬಿಸಿ ಇಳಿದುಹೋಗುತ್ತದೆ. (ನಮ್ಮತ್ತೆಗೆ ಇದೊಂದು ಹೇಳಿ ಸಾಕಾಗಿದೆ.) ಕಾಯಿ ಮಸಾಲೆ ಕೊನೆಯ ಅರ್ಧ ಗಂಟೆಗೆ. ಕೊಯ್ಯುವಾಗ ನಾರಿಗೆ ಅಡ್ಡಲಾಗಿ ಕೊಯ್ಯಿರಿ. ಮುದ್ದೆ ಬಿಸಿ ಇರಲಿ.