ಗೋಡೆ ಒಡೆಯದೆ ಹಳೆ ಕಬ್ಬಿಣದ ಕಿಟಕಿ ತೆಗೆದದ್ದು: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಅಪ್ಪ ಎಂಬತ್ತರ ದಶಕದಲ್ಲಿ ಕಟ್ಟಿಸಿದ್ದು. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಕೆಂಪು ಗಾರೆ ನೆಲ, ಕಿಟಕಿಗಳೆಲ್ಲ ಝಡ್ ಸೆಕ್ಷನ್ ಕಬ್ಬಿಣದವು, ಅಂದರೆ ಅಡ್ಡ ಕೊಯ್ದರೆ ಇಂಗ್ಲಿಷಿನ Z ಅಕ್ಷರದ ಹಾಗೆ ಕಾಣುವ ಪಟ್ಟಿ. ಆ ಕಾಲದ ಮನೆಗಳಲ್ಲಿ ಇವನ್ನು ನೀವು ನೋಡಿರುತ್ತೀರಿ, ತೆಳ್ಳಗಿನ ಚೌಕಟ್ಟು, ಪುಟ್ಟಿ ಮೆತ್ತಿ ಕೂರಿಸಿದ ಗಾಜು, ಮುಚ್ಚುವಾಗ ಕಿರ್ ಎನ್ನುವ ಬಾಗಿಲು. ಮಳೆ ಹೊಡೆಯುವ ಪಡುವಣ ಕಡೆಯ ಕಿಟಕಿಗಳ ಕೆಳಪಟ್ಟಿ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಬದಲಾಯಿಸಲೇಬೇಕಿತ್ತು.

ಮೇಸ್ತ್ರಿಯೊಬ್ಬರನ್ನು ಕರೆಸಿದೆ. ‘ಸುತ್ತ ನಾಲ್ಕಿಂಚು ಗಾರೆ ಒಡೆದು ಹಾರೆ ಹಾಕಿ ಎಬ್ಬಿಸೋಣ ಸಾರ್, ಆಮೇಲೆ ಪ್ಲಾಸ್ಟರ್ ಮಾಡಿಕೊಟ್ಟರಾಯ್ತು’ ಅಂದರು. ಎಲ್ಲರೂ ಹೀಗೇ ಮಾಡುವುದು, ತಪ್ಪೇನಿಲ್ಲ. ಆದರೆ ಹಳೆ ಗಾರೆಗೆ ಹೊಸ ಗಾರೆ ಸೇರಿಸಿದ ಕಡೆ ಒಂದು ಗೆರೆ ಬಿರುಕು ಬಿಟ್ಟೇ ಬಿಡುತ್ತದೆ, ಎಷ್ಟು ಬಣ್ಣ ಹೊಡೆದರೂ ಮುಚ್ಚುವುದಿಲ್ಲ. ನಾನು ಜೀವಮಾನವೆಲ್ಲ ಫಿಟ್ಟರ್ ಕೆಲಸ ಮಾಡಿದವನು. ಮನೆಯಲ್ಲಿ ಡಿಸ್ಕ್ ಹಾಕಿ ಕಬ್ಬಿಣ ಕೊಯ್ಯುವ ಗ್ರೈಂಡರ್ ಇದೆ, ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಕೈಗರಗಸ) ಇದೆ, ಅಕ್ಕನ ಮಗ ರಜೆಗೆ ಬಂದಿದ್ದ. ನಾವೇ ಮಾಡಿದೆವು.

ಮೊದಲು ಈ ಚೌಕಟ್ಟು ಗೋಡೆಯನ್ನು ಹೇಗೆ ಹಿಡಿದುಕೊಂಡಿದೆ ಅಂತ ಗೊತ್ತಿರಬೇಕು. ಉದ್ದಕ್ಕೂ ಅಂಟಿಕೊಂಡಿರುವುದಿಲ್ಲ. ಚೌಕಟ್ಟಿಗೆ ಅಲ್ಲಲ್ಲಿ ಸ್ಕ್ರೂ ಹಾಕಿ ಒಂದೊಂದು ಕಬ್ಬಿಣದ ಪಟ್ಟಿ ಬಿಗಿದಿರುತ್ತಾರೆ, ಸುಮಾರು ನಾಲ್ಕಿಂಚು ಉದ್ದ, ಮೂರು ಮಿಲಿಮೀಟರ್ ದಪ್ಪ. ಅದರ ತುದಿಯನ್ನು ಮೀನಿನ ಬಾಲದ ಹಾಗೆ ಸೀಳಿ ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತಿರುತ್ತಾರೆ. ಹೋಲ್ಡ್‌ಫಾಸ್ಟ್ ಅಂದರೆ ಇದೇ. ಇದರ ಜೊತೆಗೆ ಚೌಕಟ್ಟಿನ ಅಂಚಿನ ಮೇಲೆ ಗಾರೆ ಸ್ವಲ್ಪ ಹತ್ತಿ ಕೂತಿರುತ್ತದೆ. ಅಷ್ಟೇ. ಈಗ ಚೌಕಟ್ಟಿಗೂ ಗೋಡೆಗೂ ಮಧ್ಯೆ ಹಾರೆ ತೂರಿಸಿ ಮೀಟಿದರೆ ಬಲವೆಲ್ಲ ಬೀಳುವುದು ಗೋಡೆಯ ಮೂಲೆ ಮೇಲೆ, ಹೋಲ್ಡ್‌ಫಾಸ್ಟ್ ಬಿಡುವುದಿಲ್ಲ, ಕೊನೆಗೆ ಬರುವಾಗ ಅರ್ಧ ಇಟ್ಟಿಗೆಯನ್ನೂ ಹಿಡಿದುಕೊಂಡೇ ಬರುತ್ತದೆ. ಹಾಗಾಗಿ ಚೌಕಟ್ಟನ್ನು ಇಡಿಯಾಗಿ ಕೀಳುವ ಯೋಚನೆಯನ್ನೇ ಬಿಡಬೇಕು. ತುಂಡು ಮಾಡಿ, ಗೋಡೆಯಿಂದ ದೂರಕ್ಕೆ, ಖಾಲಿ ಜಾಗದ ಕಡೆಗೆ ಮಡಚಿಕೊಳ್ಳಬೇಕು.

ಕತ್ತರಿಸುವ ಮುಂಚೆ ಮೇಲೆ ಲಿಂಟಲ್, ಅಂದರೆ ಕಿಟಕಿಯ ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ, ಇದೆಯಾ ನೋಡಿ. ನಮ್ಮಲ್ಲಿ ಸಜ್ಜಾ ಜೊತೆಗೇ ಕಾಂಕ್ರೀಟ್ ಲಿಂಟಲ್ ಇತ್ತು, ಚಿಂತೆ ಇರಲಿಲ್ಲ. ತೀರಾ ಹಳೆ ಮನೆಗಳಲ್ಲಿ ಸಣ್ಣ ಕಿಟಕಿಗಳಿಗೆ ಲಿಂಟಲ್ ಇಲ್ಲದೆ ಇಟ್ಟಿಗೆ ಸಾಲು ನೇರವಾಗಿ ಚೌಕಟ್ಟಿನ ಮೇಲೆ ಕೂತಿರುವುದುಂಟು. ಮೇಲಿನ ಪಟ್ಟಿಗೆ ನೇರವಾದ ರೀಪು ಹಿಡಿದು ನೋಡಿ, ಮಧ್ಯದಲ್ಲಿ ಬಗ್ಗಿದ್ದರೆ ಕೈ ಹಾಕಬೇಡಿ, ಮೊದಲು ಮೇಲಿನ ಗೋಡೆಗೆ ಆಸರೆ ಕೊಡಿಸಿ.

ಬಾಗಿಲು, ಗಾಜು, ಕಂಬಿ ತೆಗೆಯುವುದು ಸುಲಭ. ಗಾಜಿಗೆ ಎರಡೂ ಕಡೆ ಅಡ್ಡಡ್ಡ ಟೇಪ್ ಹಚ್ಚಿ, ಹಳೆ ಉಳಿಯಿಂದ ಪುಟ್ಟಿ ಕೆರೆದೆವು. ಬಣ್ಣ ಕೆರೆಯುವಾಗ ಮಾತ್ರ ಹುಷಾರು. ಹಳೆ ಕಬ್ಬಿಣಕ್ಕೆ ಸೀಸದ ಪ್ರೈಮರ್ ಹೊಡೆದಿರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಬಣ್ಣ ಹೋದ ಮೇಲೆ ಹೋಲ್ಡ್‌ಫಾಸ್ಟ್ ಎಲ್ಲೆಲ್ಲಿದೆ ಅನ್ನುವುದು ತಾನೇ ಕಾಣುತ್ತದೆ. ಚೌಕಟ್ಟಿನ ಒಳಮೈಯಲ್ಲಿ ದುಂಡನೆಯ ಸ್ಕ್ರೂ ತಲೆ, ನಡುವೆ ಸೀಳಿನ ಗುರುತು. ಅಲ್ಲೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ.

ಆಮೇಲಿನದು ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲೇ ಮುಖ್ಯವಾದದ್ದು. ಚೌಕಟ್ಟಿನ ಅಂಚಿನಿಂದ ಅರ್ಧ ಸೆಂಟಿಮೀಟರ್ ಬಿಟ್ಟು, ಒಳಗೂ ಹೊರಗೂ ಗಾರೆಯಲ್ಲಿ ಸುತ್ತ ಒಂದು ಗೆರೆ ಕೊಯ್ದೆ. ಗ್ರೈಂಡರಿಗೆ ಡೈಮಂಡ್ ಬ್ಲೇಡ್ ಹಾಕಿ, ಸುಮಾರು ಎಂಟು ಮಿಲಿಮೀಟರ್ ಆಳ. ಗಾರೆಯ ದಪ್ಪ ಅದಕ್ಕಿಂತ ಜಾಸ್ತಿ ಇರುವುದರಿಂದ ಇಟ್ಟಿಗೆಗೆ ತಾಗುವುದಿಲ್ಲ. ಚೌಕಟ್ಟು ಅಲುಗಾಡಿದಾಗ ಗಾರೆ ಚಕ್ಕೆ ಎದ್ದರೂ ಈ ಗೆರೆಯವರೆಗೆ ಬಂದು ನಿಲ್ಲುತ್ತದೆ, ಗೋಡೆಗೆ ಹಬ್ಬುವುದಿಲ್ಲ. ಧೂಳು ವಿಪರೀತ. ಹುಡುಗ ಪಕ್ಕದಲ್ಲೇ ವ್ಯಾಕ್ಯೂಮ್ ಕ್ಲೀನರ್ ಪೈಪ್ ಹಿಡಿದು ನಿಂತಿದ್ದ.

ಕಬ್ಬಿಣ ಕತ್ತರಿಸಲು ನಾಲ್ಕಿಂಚಿನ ತೆಳು ಡಿಸ್ಕ್ ಸಾಕು. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅದರ ಅವಧಿ ಬರೆದಿರುತ್ತದೆ, ತುಂಬ ಜನ ನೋಡುವುದೇ ಇಲ್ಲ. ಅವಧಿ ಮುಗಿದದ್ದನ್ನು ಎಸೆಯಿರಿ, ಗಾರ್ಡ್ ಬಿಚ್ಚಬೇಡಿ, ಕನ್ನಡಕ ಇಲ್ಲದೆ ಸ್ವಿಚ್ ಒತ್ತಬೇಡಿ. ನೆಲಕ್ಕೆ ಒದ್ದೆ ಗೋಣಿಚೀಲ ಹಾಸಿದ್ದೆವು. ಕಿಡಿ ಅಂದರೆ ಕಾದ ಕಬ್ಬಿಣದ ಪುಡಿ ತಾನೇ, ಟೈಲ್ಸ್ ಮೇಲೋ ಗಾಜಿನ ಮೇಲೋ ಬಿದ್ದರೆ ಕಚ್ಚಿಕೊಂಡು ಆಮೇಲೆ ತುಕ್ಕಿನ ಚುಕ್ಕೆಗಳಾಗಿ ಉಳಿಯುತ್ತದೆ.

ಎಲ್ಲಿ ಕತ್ತರಿಸಬೇಕು? ಎರಡು ಹೋಲ್ಡ್‌ಫಾಸ್ಟ್‌ಗಳ ಮಧ್ಯದಲ್ಲಿ. ಒಂದೇ ಕಡೆ ಕತ್ತರಿಸಿದರೆ ಮಡಚುವಾಗ ಎರಡು ತುದಿಗಳೂ ಒಂದಕ್ಕೊಂದು ಒತ್ತಿ ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ಒಂದಿಂಚು ಅಂತರದಲ್ಲಿ ಎರಡು ಕಡೆ ಕೊಯ್ದು ಆ ತುಂಡನ್ನೇ ತೆಗೆದುಬಿಡಬೇಕು. ಗೋಡೆ ಕಡೆಯ ಕೊನೆಯ ಸ್ವಲ್ಪ ಭಾಗಕ್ಕೆ ಗ್ರೈಂಡರ್ ಬೇಡ, ಡಿಸ್ಕ್ ಗಾರೆಗೆ ತಾಗಿಯೇ ತಾಗುತ್ತದೆ. ಅಲ್ಲಿ ಹ್ಯಾಕ್ಸಾ ಬ್ಲೇಡನ್ನು ಫ್ರೇಮಿನಿಂದ ಬಿಚ್ಚಿ, ಒಂದು ತುದಿಗೆ ಬಟ್ಟೆ ಸುತ್ತಿ, ಬರಿಗೈಯಲ್ಲೇ ನಿಧಾನಕ್ಕೆ ಎಳೆದೆ. ಇಂಚಿಗೆ 24 ಹಲ್ಲಿನ ಬ್ಲೇಡ್ ತೆಗೆದುಕೊಳ್ಳಿ. 18 ಹಲ್ಲಿನದು ಇಷ್ಟು ತೆಳು ಕಬ್ಬಿಣಕ್ಕೆ ಸಿಕ್ಕಿಕೊಂಡು ಮುರಿಯುತ್ತದೆ.

ತುಂಡಾದ ಚೌಕಟ್ಟಿನ ತುದಿಯನ್ನು ಪೈಪ್ ರೆಂಚಿನಲ್ಲಿ ಕಚ್ಚಿಸಿ ಕಿಟಕಿಯ ಮಧ್ಯದ ಕಡೆಗೆ ಮೆಲ್ಲಗೆ ಬಗ್ಗಿಸಬೇಕು. ಬಣ್ಣ ಚಟಚಟ ಅಂತ ಸಿಡಿಯುತ್ತದೆ, ಗಾರೆಯ ತೆಳು ಅಂಚು ಉದುರುತ್ತದೆ, ಚೌಕಟ್ಟಿಗೂ ಗೋಡೆಗೂ ಮಧ್ಯೆ ಬೆರಳು ಹೋಗುವಷ್ಟು ಜಾಗ ಬಿಡುತ್ತದೆ, ಅದರೊಳಗೆ ಹೋಲ್ಡ್‌ಫಾಸ್ಟ್ ಪಟ್ಟಿ ಕಾಣಿಸುತ್ತದೆ. ‘ಮಾವ, ಒಂದು ಏಟು ಹಾಕಲಾ?’ ಅಂತ ಹುಡುಗ ಸುತ್ತಿಗೆ ಎತ್ತಿಕೊಂಡ. ಬೇಡವೇ ಬೇಡ ಅಂದೆ. ಆ ಪಟ್ಟಿಗೆ ಬಿದ್ದ ಏಟು ನೇರ ಇಟ್ಟಿಗೆಗೆ ಹೋಗುತ್ತದೆ. ಬ್ಲೇಡ್ ತೂರಿಸಿ ಪಟ್ಟಿಯನ್ನು ಕೊಯ್ದರೆ ಆ ತುಂಡು ಸುಮ್ನೆ ಕೈಗೆ ಬರುತ್ತದೆ.

ಗೋಡೆಯೊಳಗೆ ಉಳಿದ ತುಂಡುಗಳನ್ನು ಏನು ಮಾಡುವುದು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಪಕ್ಕದ ಮತ್ತು ಮೇಲಿನವು ಗಟ್ಟಿಯಾಗಿ, ತುಕ್ಕಿಲ್ಲದೆ ಇದ್ದವು. ಅವುಗಳ ಸುತ್ತ ಒಂದು ಸೆಂಟಿಮೀಟರ್ ಆಳ ಕೆರೆದು, ಅಲ್ಲಿಗೆ ಕತ್ತರಿಸಿ, ಜಿಂಕ್ ಪ್ರೈಮರ್ ಹೊಡೆದು ಮುಚ್ಚಿದೆ. ಕೆಳಗಿನವನ್ನು ಮಾತ್ರ ಬಿಡಲಿಲ್ಲ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ, ಒಳಗೆ ಊದಿಕೊಂಡು ಗಾರೆಯನ್ನು ಹೊರಕ್ಕೆ ತಳ್ಳುತ್ತದೆ. ಕೆಳಪಟ್ಟಿಯ ಹತ್ತಿರ ಗಾರೆ ಉಬ್ಬಿದ್ದರೆ ಕಾರಣ ಬಹುಪಾಲು ಇದೇ. ಅವುಗಳ ಸುತ್ತ ಆರು ಮಿಲಿಮೀಟರ್ ಬಿಟ್‌ನಿಂದ ಒತ್ತೊತ್ತಾಗಿ ತೂತು ಹಾಕಿ, ಕಾಂಕ್ರೀಟ್ ಗಟ್ಟಿಯ ಸಮೇತ ಎಳೆದು ತೆಗೆದೆ. ಡ್ರಿಲ್ಲಿನ ಹ್ಯಾಮರ್ (ಕುಟ್ಟುತ್ತಾ ಕೊರೆಯುವ ವ್ಯವಸ್ಥೆ) ಆಫ್ ಮಾಡಿದ್ದೆ. ನಿಧಾನ ಆಗುತ್ತದೆ, ಆಗಲಿ.

ಗುಂಡಿಗಳನ್ನು ಚೆನ್ನಾಗಿ ನೆನೆಸಿ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ತುಂಬಿದೆವು. ಅಗ್ರಹಾರದಂಥ ಹಳೆ ಬಡಾವಣೆಯ ಸುಣ್ಣದ ಗಾರೆ ಗೋಡೆ ಆಗಿದ್ದರೆ ಸಿಮೆಂಟ್ ಹಾಕಬೇಡಿ, ಸುಣ್ಣವನ್ನೇ ಹಾಕಿ. ಸಿಮೆಂಟ್ ಅದಕ್ಕೆ ತೀರಾ ಗಟ್ಟಿ, ತೇವವನ್ನೂ ಒಳಗೇ ಹಿಡಿದಿಡುತ್ತದೆ.

ಹೊಸ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಗೆ ಅಳತೆ ಕೊಟ್ಟದ್ದು ಇದೆಲ್ಲ ಆದ ಮೇಲೆ. ಹಳೆ ಚೌಕಟ್ಟು ಇರುವಾಗಲೇ ಅಳೆದರೆ ಗಾರೆಯೊಳಗೆ ಎಷ್ಟು ಹೋಗಿದೆ ಅಂತ ಹೇಗೆ ಗೊತ್ತಾಗಬೇಕು? ಅಗಲವನ್ನು ಮೇಲೆ, ಮಧ್ಯೆ, ಕೆಳಗೆ, ಹಾಗೇ ಎತ್ತರವನ್ನೂ ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿದು, ಅದರಲ್ಲಿ ಹತ್ತು ಮಿಲಿಮೀಟರ್ ಕಳೆದು ಬರೆದುಕೊಟ್ಟೆ. ಹೊಸ ಕಿಟಕಿ ಬರುವವರೆಗೆ ಆ ಜಾಗಕ್ಕೆ ಪ್ಲೈವುಡ್ ಹೊಡೆದಿದ್ದೆವು, ಆದ್ದರಿಂದ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ಬಿಚ್ಚಿ ಕೂರಬೇಡಿ, ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ.