ಕೆರೆದು ಎಸೆಯುವ ಮುನ್ನ: ಮನೆಯಂಗಳದ ಪಾಚಿಯನ್ನು ಗುರುತಿಸಿ ಬೆಳೆಸುವುದು ಹೇಗೆ?

ಮಳೆ ಹಿಡಿದು ಹದಿನೈದು ದಿನ ಕಳೆದರೆ ಸಾಕು, ಕಾಂಪೌಂಡ್ ಗೋಡೆ, ತುಳಸಿಕಟ್ಟೆ, ಮಣ್ಣಿನ ಕುಂಡ ಎಲ್ಲವೂ ಹಸಿರಾಗುತ್ತವೆ. ಎಷ್ಟೋ ಮನೆಗಳಲ್ಲಿ ಆಗ ಬ್ರಷ್ಷು, ಬ್ಲೀಚಿಂಗ್ ಪೌಡರ್ ಹೊರಬರುತ್ತವೆ. ಅದೇ ಮನೆಯವರು ನರ್ಸರಿಗೆ ಹೋಗಿ ಟ್ರೇಯಲ್ಲಿಟ್ಟ ಪಾಚಿಗೆ ದುಡ್ಡು ಕೊಡುವುದೂ ಉಂಟು. ತಂಪು ಜಾಗದಿಂದ ಕಿತ್ತು ತಂದ ಪಾಚಿ ಬಯಲುಸೀಮೆಯ ಬಿಸಿಲಿಗೆ ಬಾಳುವುದು ಕಷ್ಟ. ನಿಮ್ಮ ಗೋಡೆಯ ಮೇಲೆ ತಾನಾಗಿ ಬಂದದ್ದು ಅಲ್ಲಿನ ನೀರು, ಗಾಳಿಗೆ ಒಗ್ಗಿಕೊಂಡೇ ಬಂದಿದೆ. ಹಾಗಾಗಿ ಮೊದಲು ಅಂಗಳದಲ್ಲಿ ಈಗಾಗಲೇ ಏನಿದೆ ಎಂದು ನೋಡಿ.

ಇದು ಪಾಚಿಯೇ?

ಹಸಿರಾಗಿ ಕಂಡದ್ದೆಲ್ಲ ಪಾಚಿಯಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಭೂತಗನ್ನಡಿ ಒಂದಿದ್ದರೆ ಕೆಲಸ ಸುಲಭ. ಅದರಲ್ಲಿ ಸಣ್ಣ ಕಾಂಡ, ಅದರ ಸುತ್ತ ಪುಟ್ಟ ಎಲೆಗಳು ಕಂಡರೆ ಅದು ಪಾಚಿ. ಎಲೆಯೇ ಇಲ್ಲದೆ ಬರೀ ಲೋಳೆ ಇದ್ದರೆ ಅದು ಆಲ್ಗೆ. ಮಳೆಗಾಲದಲ್ಲಿ ಜಾರಿ ಬೀಳಿಸುವುದು ಹೆಚ್ಚಾಗಿ ಇದೇ. ಬೈಗುಳ ಮಾತ್ರ ಪಾಚಿಗೆ. ನೆಲಕ್ಕೆ ಅಂಟಿದ ಚಪ್ಪಟೆ ಹಸಿರು ಪಟ್ಟಿಗಳು ಲಿವರ್‌ವರ್ಟ್. ಒಣಗಿದ ಬೂದು ಬಣ್ಣದ ಚಕ್ಕೆ ಕಲ್ಲುಹೂವಿನ ಜಾತಿ. ಮಲೆನಾಡಿನ ದರೆಗಳಲ್ಲಿ ಕಾಣುವ ಸೆಲಾಜಿನೆಲ್ಲಾ ಪಾಚಿಯೆಂದೇ ಮೋಸಗೊಳಿಸುತ್ತದೆ, ಆದರೆ ಅದಕ್ಕೆ ನಿಜವಾದ ಬೇರಿದೆ, ಅದು ಜರಿಗಿಡದ ಬಳಗ. ಪಾಚಿಗೆ ಬೇರಿಲ್ಲ. ಹಿಡಿದುಕೊಳ್ಳಲು ಕೂದಲೆಳೆಯಂಥ ತಂತುಗಳಿವೆ ಅಷ್ಟೇ. ನೀರನ್ನು ಅದು ಹೆಚ್ಚಾಗಿ ಎಲೆಯಿಂದಲೇ ಹೀರುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಮಕ್ಕಳಿಗೆ ತೋರಿಸಿದರೆ ತುಂಬಾ ಖುಷಿಪಡುತ್ತಾರೆ. ಬೇಸಿಗೆಯಲ್ಲಿ ಮುದುಡಿ ಕಂದಾಗಿರುವ ತುಣುಕಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಪಾಚಿಯಾದರೆ ನೋಡನೋಡುತ್ತಲೇ ಎಲೆ ಬಿಚ್ಚಿ ಹಸಿರಾಗುತ್ತದೆ. ಒಣಗಿದೆ ಎಂದುಕೊಂಡದ್ದು ಸತ್ತಿರುವುದಿಲ್ಲ.

ನಮ್ಮಲ್ಲಿ ಸಿಗುವ ಕೆಲವು

ಎಲ್ಲದಕ್ಕೂ ಹೆಸರು ಹೇಳುವುದು ತಜ್ಞರಿಗೂ ಮೈಕ್ರೋಸ್ಕೋಪ್ ಇಲ್ಲದೆ ಆಗದ ಕೆಲಸ. ಆದರೆ ಕೆಲವನ್ನು ಕಣ್ಣಲ್ಲೇ ಗುರುತಿಸಬಹುದು. ಪೇಟೆಯ ಫುಟ್‌ಪಾತ್ ಸಂದಿಯಲ್ಲಿ, ಸಿಮೆಂಟಿನ ಬಿರುಕಿನಲ್ಲಿ ಬೆಳ್ಳಿ ಹೊಳಪಿನ ಸಣ್ಣ ಗುಪ್ಪೆ ಕಂಡರೆ ಅದು ಬ್ರಯಮ್ ಅರ್ಜೆಂಟಿಯಮ್. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ತುದಿಯಲ್ಲಿ ಇಲ್ಲದಿರುವುದರಿಂದ ಆ ಹೊಳಪು. ಇದು ಅಂಟಾರ್ಕ್ಟಿಕಾದಲ್ಲೂ ಬೆಳೆಯುತ್ತದೆ! ಗೋಡೆಯ ಮೇಲೆ ಗಾಢ ಹಸಿರಾಗಿದ್ದು, ಒಣಗಿದಾಗ ಎಲೆಗಳೆಲ್ಲ ಒಳಕ್ಕೆ ಸುರುಳಿ ಸುತ್ತಿಕೊಂಡರೆ ಅದು ಹಯೋಫಿಲಾ ಇರಬಹುದು. ಕಸ ಸುಟ್ಟ ಜಾಗದಲ್ಲಿ, ಹಳೆಯ ಇಟ್ಟಿಗೆಯ ಮೇಲೆ ಉದ್ದ ಕಡ್ಡಿ, ಅದರ ತುದಿಯಲ್ಲಿ ಬಾಗಿದ ಪುಟ್ಟ ಕಾಯಿ ಹೊತ್ತದ್ದು ಫ್ಯುನೇರಿಯಾ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ನೆನಪಿರುತ್ತದೆ, ಅಲ್ವಾ? ಒದ್ದೆ ಮಣ್ಣಿನ ದರೆಯಲ್ಲಿ ಹಕ್ಕಿಯ ಗರಿಯಂತೆ ಎರಡೇ ಸಾಲು ಎಲೆಯಿರುವುದು ಫಿಸಿಡೆನ್ಸ್. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತೆಂಗಿನ ಬೊಡ್ಡೆಯ ಮೇಲೆ ಬಿಳಿಚು ಹಸಿರಿನ ಮೆತ್ತೆ ಕಂಡರೆ ಅದು ಆಕ್ಟೋಬ್ಲೆಫರಮ್. ಇದನ್ನು ಮರದಿಂದ ಕಿತ್ತು ಮಣ್ಣಿಗೆ ಹಾಕಿದರೆ ಉಳಿಯುವುದು ಕಷ್ಟ.

ಇಲ್ಲೇ ಮುಖ್ಯ ವಿಷಯ ಇರುವುದು. ಹೆಸರಿಗಿಂತ ಅದು ಯಾವುದರ ಮೇಲೆ ಬೆಳೆದಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ: ಮಣ್ಣೋ, ಸಿಮೆಂಟೋ, ತೊಗಟೆಯೋ? ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ನೀರು ಎಲ್ಲಿಂದ ಬರುತ್ತದೆ? ನೀವು ಹಬ್ಬಿಸಬೇಕೆಂದಿರುವ ಜಾಗವೂ ಹಾಗೇ ಇರಬೇಕು. ಸಿಮೆಂಟಿನದು ಸಿಮೆಂಟಿಗೆ, ಮಣ್ಣಿನದು ಮಣ್ಣಿಗೆ.

ಜಾಗ ಸಿದ್ಧ ಮಾಡಿ

ಮನೆಯ ಉತ್ತರ ಅಥವಾ ಪೂರ್ವ ಬದಿ, ದೊಡ್ಡ ಗಿಡದ ನೆರಳು, ಬಾವಿಕಟ್ಟೆಯ ಸುತ್ತ ಒಳ್ಳೆಯದು. ಮಣ್ಣನ್ನು ಅಗೆಯಬೇಡಿ. ಕಳೆ ಕಿತ್ತು, ತರಗೆಲೆ ಗುಡಿಸಿ, ಕೈಯಿಂದ ತಟ್ಟಿ ಗಟ್ಟಿ ಮಾಡಿ. ಸಡಿಲ ಮಣ್ಣಿನಲ್ಲಿ ಪಾಚಿಗೆ ಹಿಡಿತ ಸಿಗುವುದಿಲ್ಲ. ಗೊಬ್ಬರ ಬೇಡ, ಹಾಕಿದರೆ ಹುಲ್ಲು ಬಂದು ಪಾಚಿಯನ್ನು ಮುಚ್ಚುತ್ತದೆ. ಜಂಬಿಟ್ಟಿಗೆ ಕಲ್ಲು, ಹಳೆ ಹೆಂಚಿನ ಚೂರು, ಸುಟ್ಟ ಮಣ್ಣಿನ ಕುಂಡ ನೀರು ಹಿಡಿದಿಡುವುದರಿಂದ ತುಂಬಾ ಚೆನ್ನಾಗಿ ಒದಗುತ್ತವೆ.

ತುಣುಕು ನೆಡುವುದು

ಮಲೆನಾಡಿನವರು ಜೂನ್‌ನಲ್ಲಿ ಶುರು ಮಾಡಬಹುದು. ಬೆಂಗಳೂರು, ಮೈಸೂರು ಕಡೆಯವರಿಗೆ ಸೆಪ್ಟೆಂಬರ್ ಮಳೆಯೂ ಆಗುತ್ತದೆ. ನಿಮ್ಮದೇ ಅಂಗಳದ ದಟ್ಟ ಗುಪ್ಪೆಯ ಅಂಚಿನಿಂದ ಬೆರಳಗಲದ ತುಣುಕು ತೆಗೆಯಿರಿ. ಪೂರ್ತಿ ಎಬ್ಬಿಸಬೇಡಿ. ಹೊಸ ಜಾಗವನ್ನು ಒದ್ದೆ ಮಾಡಿ, ತುಣುಕನ್ನು ಚಿಕ್ಕದಾಗಿ ಹರಿದು ಇಟ್ಟು ಅದುಮಿ. ಪಾಚಿಯ ಒಂದು ಚೂರಿನಿಂದಲೂ ಹೊಸ ಗಿಡ ಹುಟ್ಟುತ್ತದೆ. ಇಳಿಜಾರಿದ್ದರೆ ಕಡ್ಡಿ ಚುಚ್ಚಿ ನಿಲ್ಲಿಸಿ.

ಪಾಚಿಯನ್ನು ಮಜ್ಜಿಗೆಯಲ್ಲಿ ಅರೆದು ಕಲ್ಲಿಗೆ ಬಳಿಯುವ ವಿಡಿಯೊಗಳು ಬೇಕಾದಷ್ಟಿವೆ. ನಮ್ಮ ಸೆಕೆಗೆ ಅದು ಬೂಷ್ಟು ಹಿಡಿದು ನಾರುತ್ತದೆ, ಇರುವೆ ಮುತ್ತುತ್ತವೆ. ಮಳೆನೀರಲ್ಲಿ ಕಲಸಿ ಹರಡಿದರೆ ಸಾಕು.

ಕಾಡಿನಿಂದ ಮಾತ್ರ ದಯವಿಟ್ಟು ತರಬೇಡಿ. ಆಗುಂಬೆಗೋ ಕೊಡಗಿಗೋ ಹೋದಾಗ ಮರದ ಮೇಲಿನ ಹಸಿರು ಕಂಡು ಕೈ ಚಾಚುವವರಿದ್ದಾರೆ. 1927ರ ಭಾರತೀಯ ಅರಣ್ಯ ಕಾಯ್ದೆ ಅರಣ್ಯ ಉತ್ಪನ್ನ ಯಾವುದು ಎಂದು ಹೇಳುವಲ್ಲಿ ಪಾಚಿಯನ್ನೂ ಹೆಸರಿಸಿದೆ. ಕಾಯ್ದೆ ಹಾಗಿರಲಿ, ಆ ಮೆತ್ತೆಯಲ್ಲಿ ನೀರು ಕರಡಿಯಂಥ ಕಣ್ಣಿಗೆ ಕಾಣದ ಜೀವಿಗಳ ಸಂಸಾರವೇ ಇರುತ್ತದೆ. ಕಿತ್ತ ಜಾಗ ಮತ್ತೆ ತುಂಬಲು ಎಷ್ಟೋ ವರ್ಷ ಬೇಕು.

ನೀರು, ಆರೈಕೆ

ಮೊದಲ ಎರಡು ತಿಂಗಳು ಮಳೆ ಬಿಡುವು ಕೊಟ್ಟಾಗಲೆಲ್ಲ ಸ್ಪ್ರೇ ಬಾಟಲಿಯಿಂದ ನೀರು ಹನಿಸಿ. ಹಿಡಿದಿಟ್ಟ ಮಳೆನೀರಾದರೆ ಉತ್ತಮ. ಗಡಸು ಬೋರ್‌ವೆಲ್ ನೀರಿನ ಉಪ್ಪು ಎಲೆಯ ಮೇಲೆ ಬಿಳಿಯಾಗಿ ಕೂರುತ್ತದೆ.

ಬೇಸಿಗೆಯಲ್ಲಿ ಸುಡುವ ಮಧ್ಯಾಹ್ನ ಒಂಚೂರು ಚಿಮುಕಿಸುವುದು ಒಳ್ಳೆಯದಲ್ಲ. ಪಾಚಿ ಎಚ್ಚರವಾಗಲು ತನ್ನ ಶಕ್ತಿ ಖರ್ಚು ಮಾಡುತ್ತದೆ, ಆಹಾರ ತಯಾರಿಸುವ ಮೊದಲೇ ಮತ್ತೆ ಒಣಗುತ್ತದೆ. ಹೀಗೇ ಆದರೆ ಸೊರಗಿ ಸಾಯುತ್ತದೆ. ಹಾಕುವುದಾದರೆ ಸಂಜೆ ಚೆನ್ನಾಗಿ ತೋಯುವಂತೆ ಹಾಕಿ. ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ, ಮಳೆ ಬಂದಾಗ ಏಳುತ್ತದೆ.

ಬರಿ ಮಣ್ಣಿನ ಮೇಲೆ ಮೊದಲು ತೆಳುವಾದ ಹಸಿರು ಪದರ ಬಂದರೆ ಕೆರೆಯಬೇಡಿ. ಗಾಳಿಯಲ್ಲಿ ಬಂದ ಪಾಚಿಯ ಬೀಜಕಣ ಮೊಳೆತಾಗ ಹಸಿರು ಎಳೆಗಳಾಗಿಯೇ ಹಬ್ಬುತ್ತದೆ, ಎಲೆ ಆಮೇಲೆ. ಕಡ್ಡಿ ತುದಿಯ ಕಾಯಿಗಳು ಕಂದಾಗಿ ಒಡೆಯುವವರೆಗೂ ಮುಟ್ಟಬೇಡಿ. ಬಿದ್ದ ಎಲೆಗಳನ್ನು ಮಾತ್ರ ಮೆತ್ತನೆಯ ಪೊರಕೆಯಿಂದ ಆಗಾಗ ತೆಗೆಯಿರಿ.

ಅಡಿಕೆ ತೋಟದ ಪಕ್ಕದ ಮನೆಯವರಿಗೆ ಒಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ. ತಾಮ್ರ ಪಾಚಿಗೆ ವಿಷ. ಔಷಧಿ ಹೊಡೆಯುವ ದಿನ ನಿಮ್ಮ ಪಾಚಿಯ ಮಡಿಗೆ ಟಾರ್ಪಾಲ್ ಮುಚ್ಚಿ.

ತಾರಸಿ ಮೇಲೆ, ಮನೆಯ ಗೋಡೆಯ ಮೇಲೆ ಪಾಚಿ ಬಂದರೆ ನೀರು ನಿಲ್ಲುತ್ತಿದೆ ಅಥವಾ ಸೋರುತ್ತಿದೆ ಎಂದರ್ಥ. ಅಲ್ಲಿ ಮೊದಲು ಸೋರಿಕೆ ಸರಿಪಡಿಸಿ. ಓಡಾಡುವ ದಾರಿ, ಮೆಟ್ಟಿಲುಗಳನ್ನು ಉಜ್ಜಿ ಚೊಕ್ಕ ಇಡಿ. ವಯಸ್ಸಾದವರಿರುವ ಮನೆಯಲ್ಲಂತೂ ಪಾಚಿಯ ಮಡಿ ದಾರಿಯಿಂದ ಎರಡು ಅಡಿ ದೂರವೇ ಇರಲಿ.