ರಾತ್ರಿಯ ಅತಿನೇರಳೆ ಹೊಳಪು: ರಾಕೆಟ್ ಏರಿಸಿ ಅಳೆಯುವ ಬಗೆ

ಹಗಲು ಬಿಸಿಲಿಗೆ ಒಡೆದ ಆಮ್ಲಜನಕದ ಪರಮಾಣುಗಳು ರಾತ್ರಿ ಸುಮಾರು 95 ಕಿ.ಮೀ. ಎತ್ತರದಲ್ಲಿ ಮತ್ತೆ ಜೋಡಿಯಾಗುತ್ತವೆ. ಆಗ ಹೊಮ್ಮುವ ಅತಿನೇರಳೆ ಬೆಳಕೇ ಹರ್ಟ್ಸ್‌ಬರ್ಗ್ ಪಟ್ಟಿಗಳು. 300 ನ್ಯಾನೊಮೀಟರಿಗಿಂತ ಕೆಳಗಿನದನ್ನೆಲ್ಲ ಓಝೋನ್ ನುಂಗಿಬಿಡುತ್ತದೆ. ಬೆಟ್ಟದ ಮೇಲಿನ ದೂರದರ್ಶಕಕ್ಕೂ ಸಿಗುವುದಿಲ್ಲ. ರಾಕೆಟ್ಟೇ ಗತಿ.

ಚಂದ್ರನಿಲ್ಲದ ರಾತ್ರಿ ಆರಿಸಿ. ಬೆಳಕನ್ನು ಅಳೆಯುವ ಫೋಟೊಮೀಟರನ್ನು ರಾಕೆಟ್ಟಿನ ಮೂತಿಯಲ್ಲಿ ಮೇಲ್ಮುಖವಾಗಿ ಕೂರಿಸಿ. ಹೊಳೆಯುವ ಪದರವನ್ನು ಹೊಕ್ಕು ಮೇಲೇರಿದಂತೆ ಕೌಂಟ್ (ಅದು ಎಣಿಸುವ ಬೆಳಕಿನ ಕಣಗಳ ಸಂಖ್ಯೆ) ಇಳಿಯುತ್ತದೆ. 120 ಕಿ.ಮೀ. ದಾಟಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ನಕ್ಷತ್ರಗಳ ಬೆಳಕು ಮತ್ತು ಫೋಟೊಮೀಟರಿನೊಳಗಿನ ಬೆಳಕು ಹಿಡಿಯುವ ಟ್ಯೂಬು ಕತ್ತಲಲ್ಲೂ ತೋರಿಸುವ ಡಾರ್ಕ್ ಕೌಂಟ್ ಮಾತ್ರ. ಅದನ್ನು ಕಳೆಯಿರಿ. ಪ್ರತಿ ಕಿಲೋಮೀಟರಿಗೆ ಕೌಂಟ್ ಎಷ್ಟು ಇಳಿಯಿತೋ, ಆ ಎತ್ತರದಲ್ಲಿ ಅಷ್ಟು ಬೆಳಕು ಹುಟ್ಟುತ್ತಿದೆ ಎಂದರ್ಥ.

ನನ್ನ ತಲೆನೋವೆಲ್ಲ ಫಿಲ್ಟರಿನದೇ. 275 ನ್ಯಾನೊಮೀಟರಿನ ಬೆಳಕನ್ನಷ್ಟೇ ಬಿಡಬೇಕಾದ ಫಿಲ್ಟರ್, ಆಮ್ಲಜನಕದ್ದೇ ಆದ 557.7 ನ್ಯಾನೊಮೀಟರಿನ ಹಸಿರು ರೇಖೆಯನ್ನು ಚೂರೇ ಚೂರು ಬಿಟ್ಟರೂ ಕೆಲಸ ಕೆಟ್ಟಿತು. ಹಸಿರು ಬೆಳಕೂ 97 ಕಿ.ಮೀ. ಹತ್ತಿರದ್ದೇ, ಅದೂ ಅಲ್ಲೇ ಇಳಿಯುತ್ತದೆ. ಗ್ರಾಫ್ ನೋಡಿದರೆ ಗುರುತೇ ಹತ್ತುವುದಿಲ್ಲ. ಅದಕ್ಕೇ ಗೋಚರ ಬೆಳಕಿಗೆ ಕುರುಡಾದ ಸೀಸಿಯಂ ಟೆಲ್ಯುರೈಡ್ ಟ್ಯೂಬನ್ನೇ ಹಾಕಿ, ಕತ್ತಲ ಕೋಣೆಯಲ್ಲಿ ಹಸಿರು ಎಲ್‌ಇಡಿ ಹಿಡಿದು ಕೌಂಟ್ ಏರುತ್ತದೆಯೇ ನೋಡಿ. ತಯಾರಕರು ಕೊಟ್ಟ ಗ್ರಾಫನ್ನು ನಾನಂತೂ ನಂಬುವುದಿಲ್ಲ. ಲೈಮನ್ ಆಲ್ಫಾ (ಹೈಡ್ರೋಜನ್ನಿನ 121.6 ನ್ಯಾನೊಮೀಟರಿನ ಬೆಳಕು) ಅಳೆಯುವವರು ಪುಣ್ಯವಂತರು: ಅವರ ಅನಿಲ ತುಂಬಿದ ಉಪಕರಣದ ಲಿಥಿಯಂ ಫ್ಲೋರೈಡ್ ಕಿಟಕಿ 105 ನ್ಯಾನೊಮೀಟರಿನ ಕೆಳಗಿನದನ್ನು ಬಿಡದು, ಒಳಗಿನ ನೈಟ್ರಿಕ್ ಆಕ್ಸೈಡ್ 134ರ ಮೇಲಿನದಕ್ಕೆ ಅಯಾನಾಗದು. ಬೇರೆ ಫಿಲ್ಟರೇ ಬೇಡ.

ಮೂತಿಯ ಮುಚ್ಚಳವಾದ ನೋಸ್‌ಕೋನ್ ಕಳಚಿ, 80 ಕಿ.ಮೀ. ಹತ್ತಿರ ಬರುವ ತನಕ ಟ್ಯೂಬಿಗೆ ಬೇಕಾದ ಹೈ ವೋಲ್ಟೇಜ್ ಹಾಕಬೇಡಿ. ಅದಕ್ಕೂ ಕೆಳಗಿನ ಅರೆಬರೆ ನಿರ್ವಾತದಲ್ಲಿ ಕಿಡಿ ಹಾರುತ್ತದೆ.

ರಾಕೆಟ್ ಬುಗುರಿಯಂತೆ ತೂರಾಡುತ್ತದೆ. 20 ಡಿಗ್ರಿ ವಾಲಿದರೆ ಪದರದೊಳಗಿನ ದಾರಿ ಸುಮಾರು ಶೇ. 6 ಉದ್ದವಾಗುತ್ತದೆ, ಭೂಮಿಯ ಕಾಂತಕ್ಷೇತ್ರದಿಂದ ವಾಲಿಕೆ ತಿಳಿಸುವ ಮ್ಯಾಗ್ನೆಟೋಮೀಟರ್ ನೋಡಿ ತಿದ್ದಿ.

ಲೆಕ್ಕಕ್ಕೆ ಕೂತಾಗ ಅವಸರ ಬೇಡ. 1000 ಕೌಂಟಿನಲ್ಲಿ 32ರಷ್ಟು ಏರುಪೇರು ಸಹಜ. ಪಕ್ಕದ ಎತ್ತರದಲ್ಲಿ 960 ಬಂದರೆ ವ್ಯತ್ಯಾಸ 40, ಆದರೆ ಅದರ ಅನಿಶ್ಚಿತತೆಯೇ 44! ಆದ್ದರಿಂದ ಒಂದೆರಡು ಕಿಲೋಮೀಟರಿನ ಕೌಂಟ್‌ಗಳನ್ನು ಒಟ್ಟುಗೂಡಿಸಿ, ಆಮೇಲೆ ಕಳೆಯಿರಿ. ತಿರುಗುವ ರಾಕೆಟ್ ಇಳಿಯುವಾಗಲೂ ಮೂತಿ ಮೇಲಕ್ಕೇ ಇಟ್ಟುಕೊಂಡಿರುವುದರಿಂದ ಆ ದತ್ತಾಂಶವನ್ನೂ ಬಿಡಬೇಡಿ. ಏರುವಾಗಿನ ಮತ್ತು ಇಳಿಯುವಾಗಿನ ಎರಡೂ ಗ್ರಾಫಿನಲ್ಲಿ ಬೆಳಕು ಅತಿ ಹೆಚ್ಚಿರುವ ಜಾಗ ಒಂದೇ ಎತ್ತರಕ್ಕೆ ಬಾರದಿದ್ದರೆ ಮೊದಲು ವಾಲಿಕೆಯ ತಿದ್ದುಪಡಿಯನ್ನೇ ಅನುಮಾನಿಸಿ.